ಹದಿನಾಲ್ಕು ವರ್ಷದ ಕೆಲಸ, ಒಂದು ವರ್ಷದ ಶ್ರೇಯಾಂಕ

ಪ್ರಶ್ನೆ: ನನಗೆ 46 ವರ್ಷ. ಅಮೆರಿಕದ ಟೆಕ್ಸಾಸ್‌ನಲ್ಲಿ ದೊಡ್ಡ ತೈಲ ಕಂಪನಿಯೊಂದರ ಸಂಸ್ಕರಣಾಗಾರದಲ್ಲಿ ಪೈಪು ಮತ್ತು ಒತ್ತಡದ ಪಾತ್ರೆಗಳ ತುಕ್ಕು ತಪಾಸಣೆ ನೋಡಿಕೊಳ್ಳುವ ಎಂಜಿನಿಯರ್ ಆಗಿ 14 ವರ್ಷಗಳಿಂದ ಇದ್ದೇನೆ. ವಾರ್ಷಿಕ ಮೌಲ್ಯಮಾಪನದಲ್ಲಿ ಒಮ್ಮೆಯೂ ಮಧ್ಯಮಕ್ಕಿಂತ ಕೆಳಗೆ ಇಳಿದಿರಲಿಲ್ಲ, ಎರಡು ಸಲ ಮೇಲಿನ ಗುಂಪಿನಲ್ಲೂ ಇದ್ದೆ. ಈ ವರ್ಷ ನನ್ನ ಮೇಲಧಿಕಾರಿ ಬದಲಾದರು. ಒಂದು ಘಟಕದ ಶಟ್‌ಡೌನ್ ಮುಗಿಯುವ ಹೊತ್ತಿಗೆ, ಕೆಲವು ಪೈಪುಗಳ ದಪ್ಪವನ್ನು ಮತ್ತೊಮ್ಮೆ ಅಳೆಯದೆ ಚಾಲೂ ಮಾಡಬಾರದು ಎಂದು ನಾನು ಬರೆದು ಕೊಟ್ಟೆ. ಅದರಿಂದ ನಾಲ್ಕು ದಿನ ತಡವಾಯಿತು. ಕಳೆದ ವಾರ ನನ್ನನ್ನು ಶ್ರೇಯಾಂಕದ ಕೊನೆಯ ಗುಂಪಿಗೆ ಹಾಕಿರುವ ಪತ್ರ ಬಂದಿದೆ. ಮೂರು ತಿಂಗಳ ಸುಧಾರಣಾ ಯೋಜನೆಗೆ, ಅಂದರೆ ಪಿಐಪಿಗೆ ಒಪ್ಪಬೇಕು, ಇಲ್ಲವೇ ಒಂದಿಷ್ಟು ಹಣ ಪಡೆದು ರಾಜೀನಾಮೆ ಕೊಡಬೇಕು ಎಂದು ಎಚ್‌ಆರ್‌ನವರು ಹೇಳುತ್ತಿದ್ದಾರೆ. ಲೇಆಫ್ ಇಲ್ಲವೆಂದು ಕಂಪನಿ ಹೇಳುತ್ತಿದೆ, ಆದರೆ ನನ್ನ ವಿಭಾಗದಲ್ಲೇ ಐವರಿಗೆ ಇದೇ ಪತ್ರ ಬಂದಿದೆ, ಅವರಲ್ಲಿ ನಾಲ್ವರು 45 ದಾಟಿದವರು. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿ ವರ್ಷಗಳಾದರೂ ಸರದಿ ಬಂದಿಲ್ಲ. ನಾನು ನಿಜವಾಗಿಯೂ ಕೆಲಸಕ್ಕೆ ಬಾರದವನಾಗಿಬಿಟ್ಟೆನೇ? ಹೀಗೆ ಮಾಡುವುದು ಕಾನೂನುಬದ್ಧವೇ? ಸಹಿ ಮಾಡಲೇ?

ಉತ್ತರ: ನಿಮ್ಮ ಪ್ರಶ್ನೆಗಳು ಮೂರಾದರೂ ಅವುಗಳ ಒಳಗಿನ ಸಂಕಟ ಒಂದೇ. ಹದಿನಾಲ್ಕು ವರ್ಷ ಸರಿಯಾಗಿಯೇ ನಡೆದುಕೊಂಡು ಬಂದ ಕೆಲಸ ಹನ್ನೆರಡು ತಿಂಗಳಲ್ಲಿ ಕಳಪೆಯಾಗುವುದು ಹೇಗೆ, ಆಗಿಲ್ಲವೆಂದಾದರೆ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು ಎಂಬುದು ಆ ಸಂಕಟ. ಇಂಧನ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದಲ್ಲಿ ನಾನು ಎರಡು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದ್ದೇನೆ. ಇಂಥ ಶ್ರೇಯಾಂಕಗಳು ನಿರ್ಧಾರವಾಗುವ ಕೋಣೆಗಳಲ್ಲಿ ಕುಳಿತಿದ್ದೇನೆ, ನಿಮಗೆ ಬಂದಂಥ ಪತ್ರಗಳನ್ನು ಬರೆದದ್ದೂ ಉಂಟು. ನಾನು ವಕೀಲನಲ್ಲ, ಹಾಗಾಗಿ ಕಾನೂನಿನ ಬಗ್ಗೆ ಇಲ್ಲಿ ಹೇಳುವುದೆಲ್ಲ ವಕೀಲರನ್ನು ಕಾಣುವ ಮೊದಲು ನಿಮಗೆ ಗೊತ್ತಿರಬೇಕಾದಷ್ಟು ಮಾತ್ರ.

ಎಲ್ಲಕ್ಕಿಂತ ಮೊದಲು ಒಂದು ಮಾತು: ಈ ವಾರ ಯಾವುದಕ್ಕೂ ಸಹಿ ಮಾಡಬೇಡಿ, ರಾಜೀನಾಮೆ ಎಂಬ ಪದವಿರುವ ಯಾವ ಇಮೇಲನ್ನೂ ಕಳಿಸಬೇಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಪತ್ರ ಕೈಸೇರಿದ ದಿನಾಂಕವನ್ನು ಮಾತ್ರ ಇವತ್ತೇ ಬರೆದಿಟ್ಟುಕೊಳ್ಳಿ, ಏಕೆಂದರೆ ನಿಮ್ಮ ಪ್ರಕರಣದಲ್ಲಿ ಕೆಲವು ಗಡುವುಗಳು ಆ ದಿನದಿಂದಲೇ ಎಣಿಕೆಯಾಗಬಹುದು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಕೊನೆಯ ಗುಂಪಿಗೆ ಬಿದ್ದವರೆಲ್ಲ ಕೆಲಸ ಬಾರದವರು ಎಂಬ ನಂಬಿಕೆ ಕಂಪನಿಗಳ ಒಳಗೂ ಹೊರಗೂ ಗಟ್ಟಿಯಾಗಿದೆ, ಪತ್ರ ಪಡೆದವರೇ ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿಬಿಡುತ್ತಾರೆ. ಆದರೆ ಕಡ್ಡಾಯ ಶ್ರೇಯಾಂಕ ಪದ್ಧತಿಯು ನೀವು ನಿಮ್ಮ ಕೆಲಸವನ್ನು ಹೇಗೆ ಮಾಡಿದಿರಿ ಎಂಬುದನ್ನು ಅಳೆಯುವುದೇ ಇಲ್ಲ. ಒಂದು ಗುಂಪಿನಲ್ಲಿ ನಿಮ್ಮನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನಷ್ಟೇ ಅದು ಕೇಳುತ್ತದೆ. ನಲವತ್ತು ಮಂದಿಯ ಒಂದು ಗುಂಪನ್ನು ಊಹಿಸಿಕೊಳ್ಳಿ. ಕೊನೆಯ ಗುಂಪಿಗೆ ನೂರಕ್ಕೆ ಮೂವರು ಸಾಕು ಎಂಬ ನಿಯಮವಿದ್ದ ವರ್ಷ ಆ ನಲವತ್ತರಲ್ಲಿ ಒಬ್ಬರ ಹೆಸರು ಹೋಗುತ್ತದೆ. ಮುಂದಿನ ವರ್ಷ ಮೇಲಿನಿಂದ ನೂರಕ್ಕೆ ಹತ್ತು ಎಂಬ ಸೂಚನೆ ಬಂದರೆ ನಾಲ್ವರ ಹೆಸರು ಹೋಗಬೇಕು. ಹೆಚ್ಚಾದ ಆ ಮೂವರು ಹಿಂದಿನ ವರ್ಷದಂತೆಯೇ ಕೆಲಸ ಮಾಡಿದ್ದಾರೆ, ಬಹುಶಃ ಇನ್ನೂ ಚೆನ್ನಾಗಿಯೇ ಮಾಡಿದ್ದಾರೆ. ಬದಲಾದದ್ದು ಗೆರೆ ಎಳೆದ ಜಾಗ. ನಿಮ್ಮ ವಿಭಾಗದಲ್ಲಿ ಒಂದೇ ಸಲಕ್ಕೆ ಐವರಿಗೆ ಪತ್ರ ಬಂದಿದೆ ಎಂದು ಓದಿದಾಗ ನನಗೆ ಮೊದಲು ಅನ್ನಿಸಿದ್ದೇ ಇದು. ಕಳೆದ ಎರಡು ಮೂರು ವರ್ಷಗಳಲ್ಲಿ ಅದೇ ವಿಭಾಗದಿಂದ ಎಷ್ಟು ಮಂದಿಗೆ ಇಂಥ ಪತ್ರ ಬಂದಿತ್ತು ಎಂದು ನೆನಪಿಸಿಕೊಳ್ಳಿ. ಒಬ್ಬರೋ ಇಬ್ಬರೋ ಆಗಿದ್ದರೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಲೆಕ್ಕದಲ್ಲೇ ಇದೆ.

ಇನ್ನರ್ಧ ಇರುವುದು ಶ್ರೇಯಾಂಕ ನಿರ್ಧಾರವಾಗುವ ಆ ಕೋಣೆಯಲ್ಲಿ. ಒಂದು ಸಭೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯಿಲ್ಲದ ಕೋಣೆ, ಪರದೆಯ ಮೇಲೆ ಎಕ್ಸೆಲ್ ಹಾಳೆ, ಅದರಲ್ಲಿ 42 ಹೆಸರು, ಮೇಜಿನ ಸುತ್ತ ಏಳು ಮ್ಯಾನೇಜರುಗಳು. ಕೊನೆಯ ಗುಂಪಿಗೆ ನಾಲ್ಕು ಹೆಸರು ಬೇಕಿತ್ತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮೂರು ಹೆಸರು ಸಿಕ್ಕಿದ್ದವು, ನಾಲ್ಕನೆಯದಕ್ಕೆ ಇಬ್ಬರ ನಡುವೆ ಆಯ್ಕೆ ಉಳಿದಿತ್ತು. ಒಬ್ಬರ ಮ್ಯಾನೇಜರ್ ಅವರನ್ನು ಒಂಬತ್ತು ವರ್ಷದಿಂದ ಬಲ್ಲವರು. ಅವರು ಮೂರು ಘಟನೆಗಳನ್ನು ದಿನಾಂಕ ಸಮೇತ ಹೇಳಿದರು. ಇನ್ನೊಬ್ಬರ ಮ್ಯಾನೇಜರ್ ಆ ಹುದ್ದೆಗೆ ಬಂದು ಏಳು ವಾರವಾಗಿತ್ತು. ‘ಒಳ್ಳೆಯವರು, ಕೆಲಸ ಮಾಡುತ್ತಾರೆ’ ಎಂದರು, ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಗೊತ್ತಿರಲಿಲ್ಲ. ಹತ್ತು ನಿಮಿಷದೊಳಗೆ ತೀರ್ಮಾನವಾಯಿತು. ಹೆಸರನ್ನು ಹಾಳೆಯಲ್ಲಿ ಕೆಳಗಿನ ಸಾಲಿಗೆ ಎಳೆದವನು ನಾನೇ. ‘ಮುಂದಾಳತ್ವ ಸಾಲದು’ ಎಂಬ ಲಿಖಿತ ಕಾರಣ ತಯಾರಾದದ್ದು ಮಾರನೆಯ ದಿನ. ತೀರ್ಮಾನ ಮೊದಲು, ಕಾರಣ ಆಮೇಲೆ. ಆ ಎಂಜಿನಿಯರ್ ಆ ಎರಡು ಪದಗಳನ್ನು ಎಷ್ಟು ರಾತ್ರಿ ಯೋಚಿಸಿರಬಹುದು ಎಂದು ನಾನು ಹಲವು ಸಲ ಅಂದುಕೊಂಡಿದ್ದೇನೆ. ನಿಮ್ಮ ಮೇಲಧಿಕಾರಿ ಈ ವರ್ಷವೇ ಬದಲಾದರು ಎಂದು ಬರೆದಿದ್ದೀರಿ. ಅದು ಸಣ್ಣ ವಿವರವಲ್ಲ.

ಇದು ನನ್ನೊಬ್ಬನ ಅನುಭವವಷ್ಟೇ ಅಲ್ಲ. ಸ್ಕಲ್ಲೆನ್, ಮೌಂಟ್ ಮತ್ತು ಗಾಫ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೌಲ್ಯಮಾಪನದ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಅಂಕ ಕೊಡುವವರ ಸ್ವಂತ ಒಲವು ಮತ್ತು ಅಳತೆಗೋಲುಗಳೇ ಕಾರಣ. ಅಂದರೆ ಆ ಅಂಕವು ನಿಮ್ಮ ಕೆಲಸದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಅಂಕ ಕೊಟ್ಟವರ ಬಗ್ಗೆ ಹೇಳುತ್ತದೆ. ಕಡ್ಡಾಯ ಶ್ರೇಯಾಂಕವನ್ನು ಕಂಪ್ಯೂಟರ್ ಮಾದರಿಯಲ್ಲಿ ವರ್ಷದಿಂದ ವರ್ಷಕ್ಕೆ ನಡೆಸಿ ನೋಡಿದ 2005ರ ಇನ್ನೊಂದು ಅಧ್ಯಯನದಲ್ಲಿ, ಸಿಬ್ಬಂದಿಯ ಗುಣಮಟ್ಟ ಮೊದಲ ಕೆಲವು ವರ್ಷ ಏರಿ, ಆಮೇಲೆ ಲಾಭ ಕರಗುತ್ತಾ ಹೋಯಿತು. ಇದು ಸಹಜವೇ. ನಿಜವಾಗಿ ಕೆಲಸ ಮಾಡದವರು ಮೊದಲ ಎರಡು ಮೂರು ಸುತ್ತಿನಲ್ಲಿ ಹೊರಗೆ ಹೋಗಿಬಿಟ್ಟ ಮೇಲೂ ಹಾಳೆಯಲ್ಲಿ ಕೊನೆಯ ಸಾಲು ಖಾಲಿ ಬಿಡುವಂತಿಲ್ಲ.

ಹಾಗಿದ್ದರೂ ಕಂಪನಿಗಳು ಇದನ್ನು ಏಕೆ ಬಿಡುವುದಿಲ್ಲ ಎಂಬುದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಮುಂದಿರುವ ಪತ್ರವನ್ನು ಓದುವುದು ಸುಲಭವಾಗುತ್ತದೆ. ಜನರಲ್ ಎಲೆಕ್ಟ್ರಿಕ್‌ನ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಸಿಬ್ಬಂದಿಯನ್ನು 20, 70, 10 ಎಂದು ಮೂರು ಪಾಲು ಮಾಡಿ ಕೊನೆಯ ಹತ್ತನ್ನು ಹೊರಗೆ ಕಳಿಸುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದರು. ಇಂಧನ ವಲಯದಲ್ಲಿ ಅದನ್ನು ಅತಿ ಕಠಿಣವಾಗಿ ನಡೆಸಿದ್ದು ಹ್ಯೂಸ್ಟನ್ನಿನ ಎನ್ರಾನ್. ಅಲ್ಲಿ ನೌಕರರಿಗೆ 1ರಿಂದ 5ರವರೆಗೆ ಅಂಕ ಹಾಕಿ ಸುಮಾರು ನೂರಕ್ಕೆ ಹದಿನೈದು ಮಂದಿಯನ್ನು ಕೊನೆಯ ಅಂಕಕ್ಕೆ ತಳ್ಳಲಾಗುತ್ತಿತ್ತು. ಡಿಸೆಂಬರ್ 2001ರಲ್ಲಿ ಆ ಕಂಪನಿಯೇ ದಿವಾಳಿಯಾಯಿತು. ಅದರ ಪತನಕ್ಕೆ ಲೆಕ್ಕಪತ್ರದ ವಂಚನೆ ಮುಖ್ಯ ಕಾರಣ, ನಿಜ. ಆದರೆ ಅನುಮಾನ ಬಂದವರು ಬಾಯಿ ತೆರೆಯಲು ಹೆದರುವ ವಾತಾವರಣಕ್ಕೆ ಈ ಅಂಕ ಪದ್ಧತಿಯ ಪಾಲೂ ಇತ್ತೆಂದು ಅಲ್ಲಿ ದುಡಿದವರು ಹೇಳಿದ್ದಾರೆ. ಮೈಕ್ರೋಸಾಫ್ಟ್ ತನ್ನ ಕಡ್ಡಾಯ ಶ್ರೇಯಾಂಕವನ್ನು 2013ರಲ್ಲಿ ಕೈಬಿಟ್ಟಿತು, ಮುಂದೆ ಜನರಲ್ ಎಲೆಕ್ಟ್ರಿಕ್ ಕೂಡ ಆ ದಾರಿಯನ್ನು ತೊರೆಯಿತು. ತೈಲ ವಲಯದಲ್ಲಿ ಮಾತ್ರ ಇದು ಬೆಲೆ ಕುಸಿದಾಗಲೆಲ್ಲ ಮತ್ತೆ ಬಲ ಪಡೆಯುತ್ತದೆ.

ಅದಕ್ಕೆ ಕಾರಣ ಈ ಉದ್ಯಮದ ಸ್ವಭಾವದಲ್ಲೇ ಇದೆ. ಏಪ್ರಿಲ್ 20, 2020ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್ಲಿಗೆ ಮೈನಸ್ 37.63 ಡಾಲರಿನಲ್ಲಿ ಮುಗಿಯಿತು. ಬಾವಿ, ಪೈಪ್‌ಲೈನ್, ಸಂಸ್ಕರಣಾಗಾರಗಳಿಗೆ ಸುರಿದ ಹಣ ಹತ್ತಾರು ವರ್ಷಗಳ ಲೆಕ್ಕದ್ದು, ಅದನ್ನು ಒಂದು ತ್ರೈಮಾಸಿಕದಲ್ಲಿ ಹಿಂದೆ ಪಡೆಯಲಾಗದು. ಕೈಗೆ ಬೇಗ ಸಿಗುವ ಖರ್ಚೆಂದರೆ ಹೊಸ ಯೋಜನೆಗಳು ಮತ್ತು ಸಂಬಳ. ಆ ವರ್ಷ 22.4 ಬಿಲಿಯನ್ ಡಾಲರ್ ನಷ್ಟ ಕಂಡ ಎಕ್ಸಾನ್‌ಮೊಬಿಲ್, ಶ್ರೇಯಾಂಕದ ಕೊನೆಯ ಗುಂಪಿನ ಪಾಲನ್ನು ಹೆಚ್ಚಿಸಿದೆ ಎಂದು ಪತ್ರಿಕೆಗಳು ಬರೆದವು. ಅಕ್ಟೋಬರ್ ತಿಂಗಳಲ್ಲಿ ಕಂಪನಿ ಅಮೆರಿಕದಲ್ಲಿ ಸುಮಾರು 1,900 ಹುದ್ದೆಗಳ ಕಡಿತವನ್ನು ಪ್ರತ್ಯೇಕವಾಗಿ ಪ್ರಕಟಿಸಿತು. ಇದಕ್ಕೆ ಭಿನ್ನವಾಗಿ, ಬಿಪಿ 2025ರ ಜನವರಿಯಲ್ಲಿ 4,700 ಹುದ್ದೆಗಳನ್ನೂ, ಶೆವ್ರಾನ್ ಅದರ ಮರುತಿಂಗಳು 2026ರ ಕೊನೆಯೊಳಗೆ ಸಿಬ್ಬಂದಿಯ ನೂರಕ್ಕೆ 15ರಿಂದ 20 ಪಾಲನ್ನೂ ಕಡಿತ ಮಾಡುವುದಾಗಿ ಬಹಿರಂಗವಾಗಿ ಹೇಳಿದವು. ಆ ಸುದ್ದಿಯೂ ನೋವಿನದೇ. ಆದರೆ ಅಲ್ಲಿ ಕೆಲಸ ಕಳೆದುಕೊಂಡವರು ಮುಂದಿನ ಸಂದರ್ಶನದಲ್ಲಿ ‘ಹುದ್ದೆ ಹೋಯಿತು’ ಎಂದು ತಲೆಯೆತ್ತಿ ಹೇಳಬಹುದು. ಕಡಿತ ಮಾಡಲೇಬೇಕಿದ್ದರೆ ಅದನ್ನು ಕಡಿತವೆಂದೇ ಕರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರೆಯದಿರುವುದಕ್ಕೆ ಕಾನೂನಿನ ಕಾರಣವೂ ಉಂಟು. ನೂರು ಅಥವಾ ಹೆಚ್ಚು ನೌಕರರಿರುವ ಕಂಪನಿ ದೊಡ್ಡ ಪ್ರಮಾಣದ ಲೇಆಫ್ ಮಾಡುವಾಗ 60 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕೆಂದು 1988ರ ವಾರ್ನ್ ಕಾಯ್ದೆ ಹೇಳುತ್ತದೆ. ಆದರೆ ತಾವಾಗಿಯೇ ರಾಜೀನಾಮೆ ಕೊಟ್ಟವರು, ನಿವೃತ್ತರು ಮತ್ತು ತಮ್ಮದೇ ಲೋಪದ ಕಾರಣಕ್ಕೆ ಕೆಲಸ ಕಳೆದುಕೊಂಡವರು ಆ ಎಣಿಕೆಗೆ ಸೇರುವುದಿಲ್ಲ. ಲೇಆಫ್ ಆದವರಿಗೆ ಸೇವಾವಧಿಗೆ ತಕ್ಕಂತೆ ಪರಿಹಾರ ಕೊಡುವ ಕಂಪನಿಗಳು ‘ಕೆಲಸ ತೃಪ್ತಿಕರವಲ್ಲ’ ಎಂದು ಹೊರಗೆ ಹೋದವರಿಗೆ ಕಡಿಮೆ ಕೊಡುವುದು ಅಥವಾ ಏನೂ ಕೊಡದಿರುವುದು ಸಾಮಾನ್ಯ. ಕಂಪನಿಯ ಪರವಾಗಿ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ: ಶ್ರೇಯಾಂಕವೇ ಇಲ್ಲದಿದ್ದರೆ ಬಹಳಷ್ಟು ಮ್ಯಾನೇಜರುಗಳು ಎಲ್ಲರಿಗೂ ‘ಉತ್ತಮ’ ಎಂದೇ ಬರೆಯುತ್ತಾರೆ, ಸ್ವಯಂ ನಿವೃತ್ತಿಯ ಕೊಡುಗೆ ಕೊಟ್ಟರೆ ಹೊರಗೆ ಸುಲಭವಾಗಿ ಕೆಲಸ ಸಿಗುವ ಸಮರ್ಥರೇ ಮೊದಲು ಎದ್ದು ಹೋಗುತ್ತಾರೆ. ಈ ಎರಡು ತೊಂದರೆಗಳು ನಿಜ. ಅವುಗಳಿಗೆ ನಿಮ್ಮ ಹೆಸರಿನ ಮೇಲೆ ಇಲ್ಲದ ಲೋಪವನ್ನು ಬರೆಯುವುದು ಪರಿಹಾರವಲ್ಲ.

ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಶ್ರೇಯಾಂಕ ಪದ್ಧತಿ ಅತಿ ಹೆಚ್ಚು ಅನ್ಯಾಯ ಮಾಡುವುದು ನಿಮ್ಮಂಥ ಕೆಲಸಕ್ಕೇ. ಮಾರಾಟದವರು ತಂದ ಒಪ್ಪಂದ ಕಾಣುತ್ತದೆ, ಯೋಜನೆ ಮುಗಿಸಿದವರ ದಿನಾಂಕ ಕಾಣುತ್ತದೆ. ತುಕ್ಕು ತಪಾಸಣೆಯವರ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದದ್ದನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯಲು ಜಾಗವಿಲ್ಲ. ನಾಲ್ಕು ದಿನದ ವಿಳಂಬಕ್ಕೆ ಮಾತ್ರ ಜಾಗವಿದೆ, ಅದರ ಎದುರಿಗೆ ಡಾಲರಿನ ಲೆಕ್ಕವೂ ಇರುತ್ತದೆ. ಆಗಸ್ಟ್ 6, 2012ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಶೆವ್ರಾನ್ ಸಂಸ್ಕರಣಾಗಾರದಲ್ಲಿ ಎಂಟು ಇಂಚಿನ ಪೈಪೊಂದು ಗಂಧಕದ ಸವೆತದಿಂದ ತೆಳುವಾಗಿ ಒಡೆಯಿತು. ಹತ್ತೊಂಬತ್ತು ಮಂದಿ ಕಾರ್ಮಿಕರು ಆವಿಯ ಮೋಡದ ನಡುವೆ ಸಿಲುಕಿ ಕೂದಲೆಳೆಯಲ್ಲಿ ಪಾರಾದರು, ಸುತ್ತಲಿನ ಸುಮಾರು 15,000 ಜನ ಚಿಕಿತ್ಸೆಗೆ ಹೋಗಬೇಕಾಯಿತು. ಆ ಬಗೆಯ ಪೈಪುಗಳನ್ನು ಪೂರ್ತಿಯಾಗಿ ತಪಾಸಣೆ ಮಾಡಬೇಕೆಂದು ಕಂಪನಿಯ ತಜ್ಞರೇ ಹಿಂದೆ ಸಲಹೆ ಕೊಟ್ಟಿದ್ದರು, ಅದು ಸರಿಯಾಗಿ ಜಾರಿಯಾಗಿರಲಿಲ್ಲ ಎಂದು ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಅಲ್ಲಿ ಶ್ರೇಯಾಂಕಕ್ಕೂ ಅವಘಡಕ್ಕೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ‘ಅಳೆಯದೆ ಚಾಲೂ ಮಾಡಬೇಡಿ’ ಎಂಬ ಸಲಹೆಯ ಬೆಲೆ ಎಷ್ಟೆಂಬುದು ಅದನ್ನು ಕೇಳದೆ ಹೋದಾಗ ಮಾತ್ರ ಕಾಣುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ನಿಮ್ಮ ಎರಡನೆಯ ಪ್ರಶ್ನೆ ಕಾನೂನಿನದು. ಕಡ್ಡಾಯ ಶ್ರೇಯಾಂಕವೇ ಕಾನೂನುಬಾಹಿರ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಟೆಕ್ಸಾಸ್‌ನಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿ ನೌಕರನನ್ನು ಯಾವ ಕಾರಣಕ್ಕಾದರೂ, ಕಾರಣವೇ ಇಲ್ಲದೆಯೂ ತೆಗೆಯಬಹುದು. ಕಾನೂನು ನಿಷೇಧಿಸಿದ ಕಾರಣಕ್ಕೆ ಮಾತ್ರ ತೆಗೆಯುವಂತಿಲ್ಲ. ಶ್ರೇಯಾಂಕ ಅನ್ಯಾಯದ್ದಾಗಿತ್ತು ಎಂದಷ್ಟೇ ಹೇಳಿದರೆ ಯಾವ ನ್ಯಾಯಾಲಯವೂ ಕಿವಿಗೊಡುವುದಿಲ್ಲ. ನಿಷೇಧಿತ ಕಾರಣಗಳಲ್ಲಿ ಎರಡು ನೀವು ನನಗೆ ಬರೆದದ್ದರಲ್ಲಿ ಇಣುಕುತ್ತಿವೆ.

ಒಂದು ವಯಸ್ಸು. ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಬೇರೆಯಾಗಿ ನೋಡುವುದನ್ನು 1967ರ ಕಾಯ್ದೆ ತಡೆಯುತ್ತದೆ. ಫೋರ್ಡ್ ಕಂಪನಿ 2000ರಲ್ಲಿ ಎ, ಬಿ, ಸಿ ಎಂಬ ಶ್ರೇಣಿ ತಂದು ಕೊನೆಯ ಶ್ರೇಣಿಗೆ ನೂರಕ್ಕೆ ಹತ್ತು ಮಂದಿಯನ್ನು ಹಾಕಲು ಹೊರಟಾಗ ಹಿರಿಯ ನೌಕರರು ಮೊಕದ್ದಮೆ ಹೂಡಿದರು. ಕಂಪನಿ ಆ ಪದ್ಧತಿಯನ್ನು ಹಿಂತೆಗೆದುಕೊಂಡಿತು, ಕೊನೆಗೆ 1.05 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ನಿಮ್ಮ ವಿಭಾಗದ ಐವರಲ್ಲಿ ನಾಲ್ವರು 45 ದಾಟಿದವರು ಎಂಬುದು ಗಮನಿಸಬೇಕಾದ ಸಂಗತಿಯೇ, ಆದರೆ ಅದೊಂದೇ ಪುರಾವೆಯಾಗದು. ವಿಭಾಗದಲ್ಲಿ ಇರುವವರೇ ಹೆಚ್ಚಾಗಿ 45 ದಾಟಿದವರಾಗಿದ್ದರೆ ಆ ಅಂಕಿಯಲ್ಲಿ ವಿಶೇಷವೇನೂ ಉಳಿಯುವುದಿಲ್ಲ. ಉಳಿದವರ ವಯಸ್ಸು ಗೊತ್ತಾಗಬೇಕು, ಅದನ್ನು ತಿಳಿಯುವ ದಾರಿಯನ್ನು ಮುಂದೆ ಹೇಳುತ್ತೇನೆ. ವಯೋಭೇದದ ದೂರನ್ನು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಕೊಡಲು ಟೆಕ್ಸಾಸ್‌ನಲ್ಲಿ 300 ದಿನಗಳ ಅವಕಾಶವಿದೆ, ರಾಜ್ಯದ ಕಾನೂನಿನಡಿ 180 ದಿನ. ಸಣ್ಣ ಗಡುವನ್ನೇ ನಂಬಿ ನಡೆಯುವುದು ಕ್ಷೇಮ.

ಎರಡನೆಯದು ಸುರಕ್ಷತೆ. ಇದನ್ನು ಬಹಳ ಜನ ಕೈತಪ್ಪಿಸಿಕೊಳ್ಳುತ್ತಾರೆ. ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ದನಿ ಎತ್ತಿದ್ದಕ್ಕೆ ಶಿಕ್ಷೆ ಕೊಡುವುದನ್ನು ಅಮೆರಿಕದ ಔದ್ಯೋಗಿಕ ಸುರಕ್ಷತಾ ಕಾಯ್ದೆ ನಿಷೇಧಿಸುತ್ತದೆ, ಆದರೆ ಅದರಡಿ ಕೆಲಸದ ಜಾಗದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯಾದ ಓಶಾಗೆ ದೂರು ಕೊಡಲು ಇರುವ ಕಾಲಾವಕಾಶ ಕೇವಲ 30 ದಿನ. ನಿಮ್ಮ ಪತ್ರ ಬಂದು ಆಗಲೇ ಒಂದು ವಾರವಾಗಿದೆ. ನೀವು ಬರೆದು ಕೊಟ್ಟ ಎಚ್ಚರಿಕೆಗೂ ಈ ಶ್ರೇಯಾಂಕಕ್ಕೂ ಸಂಬಂಧವಿದೆಯೇ ಎಂಬುದು ನನಗೂ ಗೊತ್ತಿಲ್ಲ, ನಿಮಗೂ ಖಚಿತವಿರಲಿಕ್ಕಿಲ್ಲ. ಸಂಬಂಧವಿರಬಹುದೆಂಬ ಶಂಕೆ ಇದ್ದರೆ ಆ 30 ದಿನದೊಳಗೆ ಉದ್ಯೋಗ ಕಾನೂನಿನ ವಕೀಲರನ್ನು ಕಾಣಲೇಬೇಕು, ಕಂಪನಿಯ ಒಳಗಿನ ಮೇಲ್ಮನವಿ ಮುಗಿಯಲಿ ಎಂದು ಕಾಯಬಾರದು. ಒಳಗಿನ ಮೇಲ್ಮನವಿಗೆಂದು ಈ ಗಡುವು ನಿಲ್ಲುವುದಿಲ್ಲ.

ಈಗ ನಿಮ್ಮ ಮುಂದಿರುವ ಎರಡು ದಾರಿಗಳು. ಹಣ ಪಡೆದು ಹೊರಡುವುದರಲ್ಲಿ ಒಂದು ನೆಮ್ಮದಿಯಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೂರು ತಿಂಗಳು ಪ್ರತಿ ವಾರ ತಪ್ಪು ಹುಡುಕಿಸಿಕೊಳ್ಳುವುದು ಆರೋಗ್ಯವನ್ನೇ ತಿನ್ನುತ್ತದೆ, ಅದನ್ನು ಸಹಿಸಲಾಗದೆ ಹೊರಟವರು ಸೋತವರಲ್ಲ. ಆದರೆ ಆ ಹಣದ ಬದಲಿಗೆ ಕಂಪನಿ ನಿಮ್ಮಿಂದ ಕೇಳುವುದು ಮೊಕದ್ದಮೆ ಹೂಡುವ ಹಕ್ಕನ್ನು ಬಿಟ್ಟುಕೊಡುವ ಸಹಿಯನ್ನು. ನಲವತ್ತು ದಾಟಿದವರ ವಿಷಯದಲ್ಲಿ ಆ ಸಹಿ ಊರ್ಜಿತವಾಗಬೇಕಾದರೆ, 1990ರ ಕಾಯ್ದೆಯ ಪ್ರಕಾರ, ಯೋಚಿಸಲು ಕನಿಷ್ಠ 21 ದಿನ ಕೊಡಬೇಕು, ವಕೀಲರನ್ನು ಕೇಳಿ ಎಂದು ಬರಹದಲ್ಲಿ ಹೇಳಬೇಕು, ಸಹಿ ಮಾಡಿದ ಮೇಲೂ ಏಳು ದಿನದೊಳಗೆ ಹಿಂದೆ ಪಡೆಯಲು ಬಿಡಬೇಕು. ಒಂದು ಗುಂಪಿಗೇ ಇಂಥ ಕೊಡುಗೆ ಕೊಟ್ಟಿದ್ದರೆ 45 ದಿನ ಕೊಡಬೇಕು; ಅಷ್ಟೇ ಅಲ್ಲ, ಆ ವಿಭಾಗದಲ್ಲಿ ಯಾವ ಹುದ್ದೆಯ, ಯಾವ ವಯಸ್ಸಿನವರು ಆಯ್ಕೆಯಾದರು, ಯಾರು ಆಗಲಿಲ್ಲ ಎಂಬ ಪಟ್ಟಿಯನ್ನೂ ಕೊಡಬೇಕು. ವಯಸ್ಸಿನ ವಿಚಾರ ತಿಳಿಯುವ ದಾರಿಯಿದೆ ಎಂದೆನಲ್ಲ, ಅದು ಇದೇ. ಐವರಿಗೆ ಒಂದೇ ಬಗೆಯ ಪತ್ರ ಬಂದಿರುವಾಗ ಇದು ಗುಂಪಿಗೆ ಕೊಟ್ಟ ಕೊಡುಗೆಯೇ, ಬಿಡಿ ಪ್ರಕರಣವೇ ಎಂದು ಎಚ್‌ಆರ್‌ಗೆ ಬರಹದಲ್ಲಿ ಕೇಳಿ. ಅವರ ಉತ್ತರ ಏನೇ ಇರಲಿ, ಅದು ನಿಮ್ಮ ವಕೀಲರಿಗೆ ಬೇಕಾದ ಕಾಗದ. ‘ಶುಕ್ರವಾರದೊಳಗೆ ಸಹಿ ಮಾಡಿ’ ಎಂದು ಯಾರಾದರೂ ಒತ್ತಾಯಿಸಿದರೆ ಆ ಮಾತನ್ನೂ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ.

ಮೊತ್ತವನ್ನು ನೋಡುವಾಗ ಕೈಗೆ ಬರುವ ಹಣವನ್ನಷ್ಟೇ ಎಣಿಸಬೇಡಿ. ಇನ್ನೂ ನಿಮ್ಮ ಹೆಸರಿಗೆ ಪೂರ್ತಿಯಾಗಿ ಬಾರದ ಷೇರುಗಳು ಹೊರಟ ದಿನವೇ ಹೋಗಬಹುದು. 55 ವರ್ಷ ವಯಸ್ಸು ಮತ್ತು 15 ವರ್ಷ ಸೇವೆಯಂಥ ಗೆರೆ ದಾಟಿದವರಿಗೆ ಮಾತ್ರ ನಿವೃತ್ತರ ಸವಲತ್ತು ಕೊಡುವ ಕಂಪನಿಗಳಿವೆ. ಆರೋಗ್ಯ ವಿಮೆಯನ್ನು ಕೋಬ್ರಾ ಕಾಯ್ದೆಯಡಿ 18 ತಿಂಗಳವರೆಗೆ ಮುಂದುವರಿಸಬಹುದು, ಆದರೆ ಕಂಪನಿಯ ಪಾಲು ಸೇರಿದಂತೆ ಪೂರ್ತಿ ಕಂತನ್ನು ನೀವೇ ಕಟ್ಟಬೇಕು; ಕುಟುಂಬಕ್ಕೆ ಅದು ದೊಡ್ಡ ಹೊರೆ.

ನಿಮ್ಮ ವಿಷಯದಲ್ಲಿ ಇವೆಲ್ಲಕ್ಕಿಂತ ದೊಡ್ಡದು ವೀಸಾ. ಕೆಲಸ ನಿಂತ ಮೇಲೆ ಎಚ್-1ಬಿಯವರಿಗೆ ಸಿಗುವ ಅವಧಿ ಹೆಚ್ಚೆಂದರೆ 60 ದಿನ, ವೀಸಾ ಸ್ಥಿತಿಯ ಅವಧಿ ಅದಕ್ಕೂ ಮೊದಲು ಮುಗಿಯುವುದಾದರೆ ಅಷ್ಟೇ ದಿನ. ಅಷ್ಟರೊಳಗೆ ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಸಲ್ಲಿಸಿರಬೇಕು. ಕೆಲಸದ ಕೊನೆಯ ದಿನವೇ ಮುಖ್ಯವಾದ್ದರಿಂದ ಒಟ್ಟಾಗಿ ಬರುವ ಪರಿಹಾರದ ಹಣ ಈ ಗಡಿಯಾರವನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಹಣ ಕಡಿಮೆಯಾದರೂ ಚಿಂತೆಯಿಲ್ಲ, ಕೆಲವು ವಾರ ಸಂಬಳದ ಪಟ್ಟಿಯಲ್ಲೇ ಇರಿಸಿ ಎಂದು ಮಾತುಕತೆಯಲ್ಲಿ ಕೇಳುವುದು ನಿಮಗೆ ಹೆಚ್ಚು ಉಪಯೋಗ; ಆದರೆ ಕೆಲಸವಿಲ್ಲದೆ ಸಂಬಳ ಮಾತ್ರ ಬರುವ ಅವಧಿಯನ್ನು ವಲಸೆ ಇಲಾಖೆ ಹೇಗೆ ಕಾಣುತ್ತದೆಂದು ವಲಸೆ ವಕೀಲರನ್ನೇ ಕೇಳಿಕೊಳ್ಳಿ. ಒಂದು ಸಮಾಧಾನದ ಸಂಗತಿಯೆಂದರೆ, ಐ-140 ಮಂಜೂರಾಗಿ 180 ದಿನ ದಾಟಿರುವುದರಿಂದ ಕಂಪನಿ ಅದನ್ನು ಹಿಂತೆಗೆದುಕೊಂಡರೂ ನಿಮ್ಮ ಸರದಿಯ ದಿನಾಂಕ ಉಳಿಯುತ್ತದೆ. ಇನ್ನೊಂದು ವಿವರ ಬಹಳ ಮಂದಿಗೆ ತಿಳಿದಿರುವುದಿಲ್ಲ: ವೀಸಾ ಅವಧಿ ಮುಗಿಯುವ ಮೊದಲೇ ಕಂಪನಿ ಕೆಲಸದಿಂದ ತೆಗೆದರೆ ತಾಯ್ನಾಡಿಗೆ ಮರಳುವ ಪ್ರಯಾಣದ ನ್ಯಾಯವಾದ ವೆಚ್ಚವನ್ನು ಕಂಪನಿಯೇ ಕೊಡಬೇಕು, ನೀವಾಗಿಯೇ ರಾಜೀನಾಮೆ ಕೊಟ್ಟರೆ ಕೊಡಬೇಕಿಲ್ಲ. ಅದರ ಮೊತ್ತ ದೊಡ್ಡದಲ್ಲ, ಆದರೆ ರಾಜೀನಾಮೆ ಎಂಬ ಪದವನ್ನು ಬರೆಯಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ತಾನಾಗಿಯೇ ಬಿಟ್ಟು ಹೋದವನಿಗೆ ತನ್ನನ್ನು ತೆಗೆದರು ಎಂದು ಸಾಬೀತು ಮಾಡುವುದು ಕಷ್ಟ.

ಪಿಐಪಿಯ ಬಗ್ಗೆ ಎರಡು ವಿರುದ್ಧ ಮಾತುಗಳು ಓಡಾಡುತ್ತವೆ. ಅದು ಹೊರಗೆ ಹಾಕುವ ನಾಟಕ ಎಂದು ಕೆಲವರು, ಅದು ನಿಜವಾದ ಅವಕಾಶ ಎಂದು ಎಚ್‌ಆರ್‌ನವರು. ನಾನು ಕಂಡಂತೆ ಸಾಮಾನ್ಯ ವರ್ಷಗಳಲ್ಲಿ ಒಬ್ಬಿಬ್ಬರಿಗೆ ಕೊಟ್ಟ ಪಿಐಪಿಯಿಂದ ಎದ್ದು ಬಂದವರಿದ್ದಾರೆ, ಮುಂದೆ ಚೆನ್ನಾಗಿ ಬೆಳೆದವರೂ ಇದ್ದಾರೆ. ಕೊನೆಯ ಗುಂಪಿನ ಪಾಲನ್ನು ಹಿಗ್ಗಿಸಿದ ವರ್ಷದಲ್ಲಿ ಹಾಗೆ ಎದ್ದು ಬರುವವರು ವಿರಳ, ಏಕೆಂದರೆ ಅಷ್ಟು ಮಂದಿ ಹೊರಗೆ ಹೋಗುತ್ತಾರೆಂದು ಬಜೆಟ್ ಆಗಲೇ ಲೆಕ್ಕ ಹಾಕಿರುತ್ತದೆ. ಯೋಜನೆಯ ಕಾಗದವನ್ನು ಓದಿದರೆ ಯಾವ ಬಗೆಯದೆಂದು ಬಹಳ ಸಲ ತಿಳಿಯುತ್ತದೆ. ‘ಇಂಥ ಘಟಕದ ಬಾಕಿ ತಪಾಸಣಾ ವರದಿಗಳನ್ನು ಇಂಥ ದಿನಾಂಕದೊಳಗೆ ಮುಗಿಸುವುದು’ ಎಂದಿದ್ದರೆ ಅದು ಮಾಡಿ ತೋರಿಸಬಹುದಾದ ಕೆಲಸ. ‘ಸಂವಹನದಲ್ಲಿ ಸುಧಾರಣೆ, ಹೊಣೆಗಾರಿಕೆಯ ಮನೋಭಾವ’ ಎಂದಷ್ಟೇ ಇದ್ದರೆ ನೀವು ಏನು ಮಾಡಿದರೂ ಸಾಲದು ಎನ್ನಲು ದಾರಿ ಇಟ್ಟುಕೊಂಡಿದ್ದಾರೆ ಎಂದು ತಿಳಿಯಬೇಕು. ಆಗ ಏನು ಮಾಡಿದರೆ ಸುಧಾರಣೆ ಎಂದು ಒಪ್ಪುತ್ತೀರಿ ಎಂದು ನೀವೇ ಬರಹದಲ್ಲಿ ಕೇಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಿಐಪಿಯನ್ನು ಆರಿಸಿಕೊಳ್ಳುತ್ತಿದ್ದೆ. ಅದರಿಂದ ಕೆಲಸ ಉಳಿಯುತ್ತದೆಂಬ ಭರವಸೆಯಿಂದಲ್ಲ; ಸಂಬಳ, ವಿಮೆ, ವೀಸಾ ಮೂರೂ ಇರುವ ಮೂರು ತಿಂಗಳು ಸಿಗುತ್ತದೆ, ಅದರ ಮೇಲೆ 60 ದಿನ ಸೇರುತ್ತದೆ. ಎರಡು ತಿಂಗಳಿಗೂ ಐದು ತಿಂಗಳಿಗೂ ಇರುವ ಅಂತರ ನಿಮ್ಮ ಕುಟುಂಬದ ಮಟ್ಟಿಗೆ ಬಹಳ ದೊಡ್ಡದು. ಇದರ ಅಪಾಯವನ್ನೂ ಮುಚ್ಚಿಡುವುದಿಲ್ಲ: ಪಿಐಪಿಯಲ್ಲಿ ವಿಫಲರಾದರೆ ಈಗ ಕೊಡುತ್ತಿರುವ ಹಣ ಸಿಗದೆ ಹೋಗಬಹುದು, ಅವಧಿ ಮುಗಿಯುವ ಮೊದಲೇ ತೆಗೆಯುವ ಹಕ್ಕನ್ನೂ ಕೆಲವು ಕಂಪನಿಗಳು ಕಾಗದದಲ್ಲಿ ಉಳಿಸಿಕೊಂಡಿರುತ್ತವೆ. ಈ ಎರಡು ಅಂಶಗಳು ನಿಮ್ಮ ಪತ್ರದಲ್ಲಿ ಹೇಗಿವೆ ಎಂದು ಮೊದಲು ನೋಡಿ. ಕೊಡುವ ಹಣ ಆರೇಳು ತಿಂಗಳ ಸಂಬಳಕ್ಕೆ ಸಮನಾಗಿದ್ದು, ಹೊರಗೆ ಮಾತುಕತೆಯಲ್ಲಿರುವ ಕೆಲಸವೂ ಇದ್ದರೆ ನನ್ನ ಸಲಹೆ ಬದಲಾಗುತ್ತದೆ. ಪಿಐಪಿಯ ಕಾಗದಕ್ಕೆ ಸಹಿ ಮಾಡುವಾಗ ‘ಸ್ವೀಕರಿಸಿದ್ದೇನೆ, ಇದರಲ್ಲಿರುವ ಮೌಲ್ಯಮಾಪನವನ್ನು ಒಪ್ಪಿಲ್ಲ’ ಎಂಬ ಒಂದು ಸಾಲನ್ನು ಬರೆದು ಸೇರಿಸಿ, ಹಿಂದಿನ ವರ್ಷಗಳ ಶ್ರೇಣಿಗಳನ್ನು ನಮೂದಿಸಿದ ಒಂದು ಪುಟದ ಶಾಂತವಾದ ಉತ್ತರವನ್ನು ಕಡತಕ್ಕೆ ಕೊಡಿ. ಸಿಟ್ಟಿನ ಪತ್ರ ಬೇಡ. ಅದನ್ನು ಓದುವವರಲ್ಲಿ ಯಾರಾದರೂ ನಾಳೆ ನಿಮಗೆ ಇನ್ನೊಂದು ವಿಭಾಗದಲ್ಲಿ ಜಾಗ ಕೊಡಬಲ್ಲವರಿರಬಹುದು.

ಅದೇ ಹೊತ್ತಿಗೆ ಕೆಲಸ ಹುಡುಕುವುದನ್ನು ಇಂದೇ ಶುರು ಮಾಡಿ, ಪಿಐಪಿಯ ಫಲಿತಾಂಶಕ್ಕೆ ಕಾಯಬೇಡಿ. ಒತ್ತಡದ ಪಾತ್ರೆ ಮತ್ತು ಪೈಪುಗಳ ತಪಾಸಣೆ ಬಲ್ಲವರು ಸಂಸ್ಕರಣಾಗಾರಗಳಿಗೆ ಮಾತ್ರವಲ್ಲ, ರಾಸಾಯನಿಕ ಕಾರ್ಖಾನೆ, ರಸಗೊಬ್ಬರ, ವಿದ್ಯುತ್ ಸ್ಥಾವರ, ತಪಾಸಣಾ ಸೇವೆಯ ಸಂಸ್ಥೆಗಳಿಗೂ ಬೇಕು. ಒತ್ತಡದ ಪಾತ್ರೆಗಳ ತಪಾಸಕರಿಗೆ ಕೊಡುವ ಎಪಿಐ 510 ಅಥವಾ ಪೈಪು ತಪಾಸಕರಿಗೆ ಕೊಡುವ 570 ಪ್ರಮಾಣಪತ್ರವಿದ್ದರೆ ಅದು ಕಂಪನಿಯದಲ್ಲ, ನಿಮ್ಮದು. ಅದರ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಸಂದರ್ಶನದಲ್ಲಿ ಶ್ರೇಯಾಂಕದ ಮಾತನ್ನು ನೀವಾಗಿ ಎತ್ತಬೇಕಿಲ್ಲ, ಕೇಳಿದರೆ ಸುಳ್ಳು ಹೇಳಲೂ ಬೇಡಿ. ‘ಕಂಪನಿ ಈ ವರ್ಷ ಸಿಬ್ಬಂದಿಯನ್ನು ಕಡಿಮೆ ಮಾಡುತ್ತಿದೆ, ನಮ್ಮ ವಿಭಾಗದಲ್ಲಿ ಐವರಿಗೆ ಪತ್ರ ಬಂದಿದೆ’ ಎಂಬುದು ನಿಜ, ಈ ಉದ್ಯಮದಲ್ಲಿರುವ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಾಗದಪತ್ರದ ಬಗ್ಗೆ ಒಂದು ಎಚ್ಚರಿಕೆ. ನೋವಿನ ಭರದಲ್ಲಿ ಕಂಪನಿಯ ತಾಂತ್ರಿಕ ವರದಿಗಳನ್ನು ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಡಿ; ಒಳ್ಳೆಯ ಪ್ರಕರಣಗಳು ಆ ಒಂದು ತಪ್ಪಿನಿಂದ ಕೆಟ್ಟದ್ದನ್ನು ನೋಡಿದ್ದೇನೆ. ನಿಮ್ಮ ಹಳೆಯ ಮೌಲ್ಯಮಾಪನದ ಪ್ರತಿಗಳು, ಈಗ ಬಂದ ಪತ್ರ, ಷೇರು ಮತ್ತು ಸವಲತ್ತುಗಳ ಕಾಗದಗಳು ನಿಮಗೆಂದೇ ಕೊಟ್ಟವು, ಅವನ್ನು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಮನೆಯಲ್ಲಿ ಒಂದು ನೋಟ್‌ಬುಕ್ ಸಾಕು: ಯಾವ ದಿನ ಯಾರಿಗೆ ಆ ಎಚ್ಚರಿಕೆಯನ್ನು ಬರೆದು ಕೊಟ್ಟಿರಿ, ಯಾರು ಏನೆಂದರು, ಹೊಸ ಮೇಲಧಿಕಾರಿ ಬಂದದ್ದು ಯಾವಾಗ, ಶ್ರೇಯಾಂಕದ ಸಭೆ ನಡೆದದ್ದು ಸುಮಾರು ಯಾವಾಗ. ಆ ಪೈಪುಗಳನ್ನು ಮತ್ತೆ ಅಳೆದಾಗ ಏನು ಕಂಡುಬಂತು ಎಂಬುದನ್ನು ಮಾತ್ರ ನೀವು ನನಗೆ ಬರೆದಿಲ್ಲ. ಅದನ್ನೂ ನೆನಪಿರುವಷ್ಟು ನಿಖರವಾಗಿ ಬರೆದಿಡಿ, ವಕೀಲರು ನಿಮ್ಮನ್ನು ಮೊದಲು ಕೇಳುವುದು ಅದನ್ನೇ.